ಕೆಂಪು ದೀಪಕ್ಕೆ ಕಾಣದ ಶಾಯಿ

"ಕಿಟಕಿ ಪರದೆ ಎಳಿ," ಎಂದರು ಬಣ್ಣದತ್ತೆ. "ಬಿಸಿಲಿನ ಒಂದು ಗೆರೆಯೂ ಒಳಗೆ ಬರಬಾರದು."

ಮಿಣುಕಿ ಎಳೆದಳು. ಬೆಳಗಿನ ಹನ್ನೊಂದು ಗಂಟೆಗೆ, ದೂರದರ್ಶಕದ ಗುಮ್ಮಟದ ಕೆಳಗಿನ ಆ ಕೋಣೆ ಕತ್ತಲಾಯಿತು.

"ಈಗ ನಿಮ್ಮವರ ಆ ಕೆಂಪು ಟಾರ್ಚ್ ಹಚ್ಚು. ಈ ಪುಟದಲ್ಲಿ ಏನಿದೆ ಓದು."

"ಓದೋಕೇನಿದೆ ಅತ್ತೆ, ನಾನೇ ಬರೆದಿದ್ದು." ಮಿಣುಕಿ ದಾಖಲೆ ಪುಸ್ತಕದ ಮೇಲೆ ಟಾರ್ಚ್ ಹಿಡಿದಳು. "ಮಂಗಳವಾರ. ಆಕಾಶ ತಿಳಿ, ಗಾಳಿ ಕಮ್ಮಿ, ಏಳೂವರೆಗೆ ಶುರು. ಅಷ್ಟೇ. ಕೆಳಗೆ ಅರ್ಧ ಪುಟ ಖಾಲಿ."

"ಖಾಲಿ ಅಂತೀಯಾ?"

"ಖಾಲಿ. ಬೇಕಾದರೆ ಆಣೆ ಮಾಡ್ತೀನಿ."

"ಆಣೆ ಮಾಡೋಕೆ ಮುಂಚೆ ಪರದೆ ತೆಗಿ."

ಪರದೆ ಸರಿಯಿತು, ಬಿಸಿಲು ಪುಟದ ಮೇಲೆ ಬಿತ್ತು. ಖಾಲಿ ಎಂದ ಜಾಗದಲ್ಲಿ ಕೆಂಪು ಶಾಯಿಯ ನಾಲ್ಕು ಸಾಲುಗಳು ಆರಾಮಾಗಿ ಕೂತಿದ್ದವು. ಅಕ್ಷರಗಳು ಒಂದೊಂದೂ ಕಡಲೆಕಾಯಿ ಗಾತ್ರ.

ಮಿಣುಕಿ ಬಾಯಿಬಿಟ್ಟು ನೋಡಿದಳು. ಆಮೇಲೆ ಪುಸ್ತಕದ ಮೇಲೆ ಹಣೆ ಇಟ್ಟು ನಗತೊಡಗಿದಳು.

ನಗು ಬರುವಂಥದ್ದೇ. ನಕ್ಷತ್ರ ನೋಡುವವರು ರಾತ್ರಿ ಬಿಳಿ ದೀಪ ಹಚ್ಚುವುದಿಲ್ಲ. ಕತ್ತಲಿಗೆ ಪಳಗಿದ ಕಣ್ಣು ಕೆಡುತ್ತದೆಂದು ಕೆಂಪು ಟಾರ್ಚಿನಲ್ಲೇ ಓದು, ಅದರಲ್ಲೇ ಬರಹ. ಕೆಂಪು ಬೆಳಕು ಬಿದ್ದರೆ ಕಾಗದವೂ ಕೆಂಪು, ಕೆಂಪು ಶಾಯಿಯೂ ಕೆಂಪು. ಹಗಲಿನ ಕೆಲಸಗಾರನೊಬ್ಬ ಕೆಂಪು ಪೆನ್ನಿನಲ್ಲಿ ಬರೆದಿಟ್ಟು ಮನೆಗೆ ಹೋಗಿದ್ದ. ರಾತ್ರಿಯವರು ಎಂಟು ವಾರದಿಂದ ಅದರ ಮೇಲೇ ಟಾರ್ಚ್ ಆಡಿಸಿ ಪುಟ ಮಗುಚುತ್ತಿದ್ದರು. ಲೆಕ್ಕಕ್ಕೆ ಸಿಗದಷ್ಟು ದೂರದ ಬೆಳಕನ್ನು ಎಳೆಎಳೆಯಾಗಿ ಬಿಡಿಸುವ ಮಂದಿಗೆ ಮೂಗಿನ ಕೆಳಗಿನ ಶಾಯಿ ಕಂಡಿರಲಿಲ್ಲ.

ಕಂಡದ್ದು ಬಣ್ಣದತ್ತೆಗೆ. ಮೂವತ್ತು ವರ್ಷ ಬಟ್ಟೆ ಗಿರಣಿಯಲ್ಲಿ ಬಣ್ಣ ಪರೀಕ್ಷಿಸುತ್ತಿದ್ದವರು ಅವರು. ಯಾವ ಥಾನು ಯಾವ ತೊಟ್ಟಿಯಿಂದ ಎದ್ದದ್ದು, ಯಾರು ಕದ್ದು ಅಗ್ಗದ ಬಣ್ಣ ಬೆರೆಸಿದ್ದು ಎಂದು ಕಣ್ಣಲ್ಲೇ ಹಿಡಿಯುತ್ತಿದ್ದರು. ನಿವೃತ್ತಿಯಾದ ಮೇಲೆ ಕಣ್ಣಿಗೆ ಕೆಲಸ ಬೇಕಲ್ಲ, ಕಂಡವರ ತಲೆನೋವನ್ನೆಲ್ಲ ಮೈಮೇಲೆ ಹಾಕಿಕೊಳ್ಳುತ್ತಾರೆ. ಈ ಸಲದ್ದು ಸ್ವಂತ ಅಣ್ಣನ ಮಗಳ ತಲೆನೋವು.

ಮೂರು ದಿನದ ಹಿಂದೆ ಸಂಸ್ಥೆಯ ನಿರ್ದೇಶಕರ ಬಾಗಿಲ ಸಂದಿಯಲ್ಲಿ ಸಹಿಯಿಲ್ಲದ ಒಂದು ಪತ್ರ ಬಿದ್ದಿತ್ತು: "ಆ ಗ್ರಹದ ಸೋಡಿಯಂ ಆಕಾಶದ್ದಲ್ಲ, ನಮ್ಮ ಹಿತ್ತಲಿನದು. ಇದು ಬೇಕೆಂದೇ ಮಾಡಿದ ಮೋಸ." ನಾಳೆ ಹತ್ತು ಗಂಟೆಗೆ ಮಿಣುಕಿ ತನ್ನ ಐದು ವರ್ಷದ ಕೆಲಸವನ್ನು ಪರೀಕ್ಷಕರ ಮುಂದಿಡಬೇಕು. ಇವತ್ತು ಸಂಜೆ ನಾಲ್ಕರೊಳಗೆ ಮೋಸ ಮಾಡಿದವರ ಹೆಸರು ಸಿಗದಿದ್ದರೆ ಆ ಪತ್ರವನ್ನೂ ಪರೀಕ್ಷಕರ ಮುಂದಿಡಬೇಕಾಗುತ್ತದೆ ಎಂದು ನಿರ್ದೇಶಕರು ಬೇಸರದಿಂದಲೇ ಹೇಳಿದ್ದರು.

"ನಕ್ಕಿದ್ದು ಸಾಕು," ಎಂದರು ಅತ್ತೆ. "ಏನು ಬರೆದಿದೆ ಓದು."

ಮಿಣುಕಿ ಕಣ್ಣೊರೆಸಿಕೊಂಡು ಓದಿದಳು. "'ಹಿಂದಿನ ಅಂಗಳಕ್ಕೆ ಹೊಸ ಸೋಡಿಯಂ ದೀಪ ಹಾಕಿದೆ. ಒಂದು ವಾರ ಪರೀಕ್ಷೆ. ಸಂಜೆ ತಾನಾಗೇ ಹತ್ತುತ್ತದೆ. 10:07ಕ್ಕೆ ಆರುತ್ತದೆ, 1:17ಕ್ಕೆ ಮತ್ತೆ ಹತ್ತಿ ಬೆಳಗಿನವರೆಗೆ...'"

ಅವಳು ಬೆರಳನ್ನು ಮತ್ತೆ ಆ ಅಂಕಿಗಳ ಮೇಲೆ ತಂದಳು.

"ಯಾಕೆ, ಏನಾಯ್ತು?"

"ಅತ್ತೆ, ಗ್ರಹ ನಕ್ಷತ್ರದ ಮುಂದೆ ಬಂದಿದ್ದು ಹತ್ತು ಗಂಟೆ ಒಂಬತ್ತು ನಿಮಿಷಕ್ಕೆ. ದಾಟಿ ಹೋಗಿದ್ದು ಒಂದೂಕಾಲಿಗೆ."

ಬಣ್ಣದತ್ತೆ ಕುರ್ಚಿ ಎಳೆದುಕೊಂಡು ಕೂತರು. "ನಿನ್ನ ಶಾಸ್ತ್ರ ನನಗೆ ಇನ್ನೊಂದು ಸಲ ಹೇಳು. ಗಿರಣಿಯವಳಿಗೆ ಹೇಳಿದ ಹಾಗೆ."

"ಗ್ರಹ ಮುಂದೆ ಬಂದಾಗ ನಕ್ಷತ್ರದ ಬೆಳಕಲ್ಲಿ ಒಂದು ಚೂರು ಆ ಗ್ರಹದ ಗಾಳಿಯೊಳಗಿಂದ ಸೋಸಿ ಬರುತ್ತೆ. ತೆಳು ಬಟ್ಟೆ ದಾಟಿ ಬಂದ ಹಾಗೆ. ಗಾಳಿಯಲ್ಲಿ ಸೋಡಿಯಂ ಇದ್ದರೆ ಹಳದಿಯಲ್ಲಿ ಒಂದು ಗೆರೆಯಷ್ಟು ಬೆಳಕನ್ನ ಅದು ನುಂಗುತ್ತೆ. ಗ್ರಹ ಮುಂದೆ ಇದ್ದಾಗಿನ ವರ್ಣಪಟಲ ಒಂದು ಕಡೆ, ಇಲ್ಲದಾಗಿನದು ಇನ್ನೊಂದು ಕಡೆ. ಎರಡನ್ನೂ ಹೋಲಿಸ್ತೀವಿ. ಗ್ರಹ ಇದ್ದಾಗ ಹಳದಿ ಕಮ್ಮಿ ಕಂಡರೆ, ಆ ಕಮ್ಮಿಯಾಗಿದ್ದೇ ಗ್ರಹದ ಗಾಳಿ."

"ನಿನಗೆ ಕಮ್ಮಿ ಕಾಣ್ತು."

"ಚೆನ್ನಾಗೇ ಕಾಣ್ತು. ಆದರೆ ಗ್ರಹ ಬರೋ ಮುಂಚೆ, ಹೋದ ಮೇಲೆ, ಗುಮ್ಮಟದೊಳಗೆ ಕೂತ ನಮಗೆ ಕಾಣದೆ ಹಿತ್ತಲಲ್ಲೇ ಸೋಡಿಯಂ ದೀಪ ಉರೀತಿತ್ತು. ಅದರ ಹಳದಿಯೂ ಸೇರಿಕೊಂಡಿರುತ್ತೆ. ಗ್ರಹ ಇದ್ದಷ್ಟು ಹೊತ್ತು ದೀಪ ಆರಿತ್ತು. ಹಳದಿ ಕಮ್ಮಿಯಾಗಿ ಕಾಣದೆ ಇನ್ನೇನು."

"ನಮ್ಮಲ್ಲಿ ಮೊದಲ ದಿನದ ಪಾಠವೇ ಅದು," ಎಂದರು ಅತ್ತೆ. "ಸ್ಯಾಂಪಲ್ ಒಂದು ದೀಪದ ಕೆಳಗೆ, ಥಾನು ಇನ್ನೊಂದು ದೀಪದ ಕೆಳಗೆ ಇಟ್ಟು ಹೋಲಿಸಿದರೆ ಕತ್ತೇನೂ ಕುದುರೆ ಅನ್ನಬಹುದು."

"ಪಕ್ಕದ ಖಾಲಿ ಆಕಾಶವನ್ನ ಬೇರೆಯಾಗಿ ಅಳೆಯೋಕೆ, ಬೆಳಕು ಸಾಗಿಸೋ ಇನ್ನೊಂದು ಗಾಜಿನ ತಂತು ಇದೆ ಅತ್ತೆ. ಅದು ಆ ತಿಂಗಳು ರಿಪೇರಿಗೆ ಹೋಗಿತ್ತು. ಇದ್ದಿದ್ದರೆ ದೀಪ ಅವತ್ತೇ ಸಿಕ್ಕಿಬೀಳ್ತಿತ್ತು." ಮಿಣುಕಿ ಟಾರ್ಚ್ ಕೆಳಗಿಟ್ಟಳು. "ಹಾಗಾದರೆ ನನ್ನ ಗ್ರಹದಲ್ಲಿ ಸೋಡಿಯಂ ಇಲ್ಲವಾ?"

"ಇದೆಯೋ ಇಲ್ಲವೋ, ಅದು ಮುಂದಿನ ಸಲ ಬಂದಾಗ ನೋಡ್ಕೋ. ಗ್ರಹ ಎಲ್ಲೂ ಓಡಿಹೋಗಲ್ಲ. ನಿನ್ನ ಹೆಸರು ಹೋದರೆ ಅದು ತಿರುಗಿ ಬರಲ್ಲ. ಮುಖ ತೊಳ್ಕೊ, ಟೀ ಕುಡಿಯೋಣ."

ಹೊರಡುವ ಮುನ್ನ ಬಣ್ಣದತ್ತೆ ಪುಟವನ್ನು ಓರೆಯಾಗಿ ಬೆಳಕಿಗೆ ಹಿಡಿದರು. ಕೆಂಪು ಸಾಲುಗಳ ಪಕ್ಕ, ಅಂಚಿನಲ್ಲಿ, ಪೆನ್ಸಿಲಿನ ಸಣ್ಣ ಗುರುತೊಂದಿತ್ತು. ಹಾಗಾದರೆ ಈ ಪುಟವನ್ನು ಹಗಲಲ್ಲಿ ಓದಿದವರು ಅವರೊಬ್ಬರೇ ಅಲ್ಲ.

ಟೀ ಕೋಣೆಯಲ್ಲಿ ಇದ್ದವನು ಒಬ್ಬನೇ, ಎದುರು ಮೇಜಿನವನು. ಐದು ವರ್ಷದಿಂದ ಮಿಣುಕಿಯ ಎದುರು ಮೇಜಿನಲ್ಲಿ ಕೂತು ಅವಳ ಹಾಗೆಯೇ ಗ್ರಹ ಹುಡುಕುತ್ತಿದ್ದ. ದೂರದರ್ಶಕದ ರಾತ್ರಿಗಳಿಗಾಗಿ ಇಬ್ಬರಿಗೂ ಸದಾ ಪೈಪೋಟಿ. ಕಿವಿಯ ಮೇಲೊಂದು ಪೆನ್ಸಿಲ್ ಇಲ್ಲದೆ ಅವನನ್ನು ಯಾರೂ ಕಂಡಿರಲಿಲ್ಲ.

ಬಣ್ಣದತ್ತೆ ಬಿಸ್ಕತ್ತಿನ ಡಬ್ಬಿಯನ್ನು ಅವನ ಕಡೆ ತಳ್ಳಿದರು. "ತಗೋಪ್ಪ. ಅಲ್ಲ, ಆ ಪತ್ರ ಬರೆದವರಿಗೆ ಎಂಥಾ ಅಭಿರುಚಿ ನೋಡು. ಮೋಸ ಅಂತ ಬರೆಯೋರು ಗುಲಾಬಿ ಬಣ್ಣದ ಕಾಗದದಲ್ಲಿ ಬರೀತಾರಾ?"

"ಗುಲಾಬಿ ಎಲ್ಲಿ, ಅದು ನೋಟ್‌ಬುಕ್ಕಿನ ಬಿಳಿ..." ಎಂದವನು ಬಿಸ್ಕತ್ತನ್ನು ಹಾಗೇ ಕೈಯಲ್ಲಿ ಹಿಡಿದು ಕೂತ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರೆ. ಇವನು ಮುಟ್ಟಿಕೊಂಡದ್ದು ಕಿವಿಯ ಮೇಲಿನ ಪೆನ್ಸಿಲನ್ನು.

"ನೀನಾ?" ಎಂದಳು ಮಿಣುಕಿ.

"ಬಿಳಿ ಅಂತ ಊಹೆ ಮಾಡಿದೆ."

"ಆ ಪತ್ರ ನೋಡಿರೋರು ನಾವಿಬ್ಬರು, ನಿರ್ದೇಶಕರು, ಮತ್ತೆ ಬರೆದವರು," ಎಂದರು ಬಣ್ಣದತ್ತೆ. "ನಿನ್ನ ಪೆನ್ಸಿಲ್ ಗುರುತು ದಾಖಲೆ ಪುಸ್ತಕದಲ್ಲೂ ಇದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕಪ್ಪ, ಒಪ್ಕೊಂಡುಬಿಡು."

ಅವನು ಬಿಸ್ಕತ್ತನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟ. "ಹೋದ ವಾರ ಛತ್ರಿ ಮರೆತಿದ್ದೆ. ಮಧ್ಯಾಹ್ನ ತಗೊಳೋಕೆ ಬಂದೆ. ರಾತ್ರಿ ಯಾರೋ ಆ ಪುಟವನ್ನೇ ತೆರೆದಿಟ್ಟಿದ್ದರು, ಓದಿದೆ. ಹೊತ್ತು ನೋಡಿ ಅಂಚಲ್ಲಿ ಗುರುತು ಹಾಕಿದೆ."

"ನನಗೆ ಹೇಳಬಹುದಿತ್ತಲ್ಲ?" ಮಿಣುಕಿಯ ದನಿ ಏರಿತು. "ಎದುರಿಗೇ ಕೂತಿರ್ತೀಯ. ದಿನಾ ನನ್ನ ರಬ್ಬರ್ ಕದೀತೀಯ. ಇದೊಂದು ಮಾತು ಹೇಳೋಕೆ ಆಗಲಿಲ್ಲವಾ?"

"ಹೇಳಿದ್ದರೆ ನೀನು ಹೊಟ್ಟೆಕಿಚ್ಚು ಅಂತಿದ್ದೆ."

"ಅಂತಿದ್ದೆ," ಎಂದು ಮಿಣುಕಿ ಒಪ್ಪಿಕೊಂಡಳು.

"ಅದಿರಲಿ," ಎಂದರು ಅತ್ತೆ. ಈಗ ಅವರ ಮುಖದಲ್ಲಿ ನಗು ಇರಲಿಲ್ಲ. "ದೀಪ ಉರೀತಿತ್ತು ಅಂತ ಬರೆದಿದ್ದರೆ ನಿನಗೆ ಕೈ ಮುಗೀತಿದ್ದೆ. ಬೇಕೆಂದೇ ಮಾಡಿದ ಮೋಸ ಅಂತ ಬರೆದೆಯಲ್ಲ, ಅದು ಯಾವ ಧೈರ್ಯದ ಮೇಲೆ? ಒಂದು ಹೆಣ್ಣುಮಗಳ ಐದು ವರ್ಷ ಅದು. ಒಂದು ಸಾಲಲ್ಲಿ ಉರಿಸಿಬಿಡೋಕೆ ಹೊರಟೆಯಲ್ಲ."

ಅವನು ತಲೆ ತಗ್ಗಿಸಿದ, ಆದರೆ ಮಾತು ತಗ್ಗಿಸಲಿಲ್ಲ. "ನೀವೇ ಹೇಳಿ ಅತ್ತೆ. ದೀಪ ಹತ್ತಿತ್ತು, ಆರಿತು ಅಂದರೆ ಆಕಸ್ಮಿಕ ಅನ್ನಬಹುದು. ಗ್ರಹ ಬರೋಕೆ ಎರಡು ನಿಮಿಷ ಮುಂಚೆ ಆರಿ, ಹೋಗಿ ಎರಡು ನಿಮಿಷಕ್ಕೆ ಹತ್ತಿದರೆ? ಯಾರೋ ಆ ಹೊತ್ತು ಗೊತ್ತಿರೋರೇ ಇಟ್ಟಿದ್ದು. ಗೊತ್ತಿದ್ದದ್ದು ಮೂರೇ ಜನಕ್ಕೆ. ನನಗೆ, ನಿರ್ದೇಶಕರಿಗೆ, ಇವಳಿಗೆ. ನಾನು ಆ ವಾರ ಜ್ವರ ಬಂದು ಮನೆಯಲ್ಲಿ ಮಲಗಿದ್ದೆ, ಹಾಜರಿ ಪುಸ್ತಕ ನೋಡಿ. ಇದರಿಂದ ಲಾಭ ಯಾರಿಗೆ? ಇವಳಿಗೆ."

ಹುಡುಗನ ಮಾತು ಕಹಿಯಾಗಿತ್ತು, ಆದರೆ ಅದರಲ್ಲಿ ತೂತು ಇರಲಿಲ್ಲ.

"ನಾನಲ್ಲ ಅತ್ತೆ," ಎಂದಳು ಮಿಣುಕಿ, ಚಿಕ್ಕವಳಿದ್ದಾಗ ಗಾಜಿನ ಲೋಟ ಒಡೆದಿದ್ದು ತಾನಲ್ಲ ಎಂದು ಹೇಳುತ್ತಿದ್ದ ಅದೇ ದನಿಯಲ್ಲಿ. ಆಗೆಲ್ಲ ಒಡೆದದ್ದು ಬೆಕ್ಕೇ ಆಗಿರುತ್ತಿತ್ತು.

ಬಾಗಿಲಲ್ಲಿ ನಿರ್ದೇಶಕರು ಇಣುಕಿದರು. ನರೆತ ಗಡ್ಡ, ಅಂಗಿಯ ಜೇಬಲ್ಲಿ ಸೀಮೆಸುಣ್ಣದ ಗುರುತು. ಮಿಣುಕಿಗೆ ಮೊದಲ ದಿನದಿಂದ ಪಾಠ ಹೇಳಿದವರು ಅವರೇ, ಅವಳು ಇವತ್ತಿಗೂ ಮೇಷ್ಟ್ರೇ ಎಂದೇ ಕರೆಯುತ್ತಾಳೆ. "ಊಟ ಮಾಡಿದೆಯೇನಮ್ಮ? ಮಾಡದೆ ನಾಳೆ ತಲೆ ತಿರುಗಿ ಬಿದ್ದರೆ ನಾನೇ ಹೊರಬೇಕಾಗುತ್ತೆ," ಎಂದು ನಕ್ಕು, ಬಣ್ಣದತ್ತೆಗೆ ಗಡಿಯಾರ ತೋರಿಸಿ ಮೆಟ್ಟಿಲೇರಿ ಹೋದರು.

"ದೀಪದ ಹೊತ್ತು ಇಡೋದು ಯಾರು?" ಎಂದು ಕೇಳಿದರು ಬಣ್ಣದತ್ತೆ.

"ಕರೆಂಟಣ್ಣ," ಎಂದ ಎದುರು ಮೇಜಿನವನು. "ಚೀಟಿ ಇಲ್ಲದೆ ಅವನು ಬಲ್ಬೂ ಬದಲಾಯಿಸಲ್ಲ."

ಕರೆಂಟಣ್ಣನ ಕೋಣೆ ಮೆಟ್ಟಿಲ ಕೆಳಗಿತ್ತು. ಕಿಟಕಿಯಿಲ್ಲದ ಆ ಗೂಡಿನಲ್ಲಿ ಹಳದಿ ಬಲ್ಬೊಂದು ಉರಿಯುತ್ತಿತ್ತು. ಗೋಡೆಗೆ ವೈರಿನ ಸುರುಳಿಗಳು, ನೆಲಕ್ಕೆ ಏಣಿ, ನಡುವೆ ಕರೆಂಟಣ್ಣ. ಸಂಸ್ಥೆಯಲ್ಲಿ ಇಪ್ಪತ್ತೆರಡು ವರ್ಷ ಸರ್ವಿಸಾಗಿದ್ದರೂ ಒಂದು ನಕ್ಷತ್ರವನ್ನೂ ನೋಡಿಲ್ಲ ಎಂಬುದು ಅವನ ಹೆಮ್ಮೆ. ಐದಕ್ಕೆ ಬಾಗಿಲು ಹಾಕಿ ಮನೆಗೆ ಹೋದರೆ ಮುಗಿಯಿತು.

"ಕೆಂಪು ಪೆನ್ನಲ್ಲಿ ಬರೆದವನು ನಾನೇ ಅಮ್ಮ," ಎಂದ. "ಬದಲಾವಣೆ ಮಾಡಿದರೆ ಕೆಂಪಲ್ಲಿ ಬರೀಬೇಕು, ಎದ್ದು ಕಾಣಲಿ ಅಂತ. ನಮ್ಮ ಇಲಾಖೆ ನಿಯಮ."

"ಚೆನ್ನಾಗೇ ಎದ್ದು ಕಾಣ್ತಪ್ಪ. ಆ ದೀಪ ಈಗೆಲ್ಲಿ?"

"ವಾರಕ್ಕೇ ಸುಟ್ಟುಹೋಯ್ತು. ಬಿಚ್ಚಿಟ್ಟೆ."

"ಹತ್ತು ಏಳಕ್ಕೆ ಆರಿಸು ಅಂತ ಹೇಳಿದವರು ಯಾರು?"

"ಯಾರೂ ಬಾಯಲ್ಲಿ ಹೇಳಲಿಲ್ಲ. ಟೀ ಕೋಣೆ ಬೋರ್ಡಲ್ಲಿ ಅಂಟಿಸಿದ್ದರು. ನನ್ನ ಹತ್ತಿರ ಎಲ್ಲ ಇರುತ್ತೆ, ನಾಳೆ ಯಾರಾದರೂ ನನ್ನ ಮೇಲೆ ಹಾಕಬಾರದು ನೋಡಿ." ಗೋಡೆಯ ಮೊಳೆಗೆ ನೇತುಹಾಕಿದ ಕಂಬಿಯಲ್ಲಿ ನೂರಾರು ಚೀಟಿಗಳನ್ನು ಚುಚ್ಚಿಟ್ಟಿದ್ದ. ಬೆರಳಾಡಿಸಿ ಒಂದನ್ನು ಎಳೆದು ಕೊಟ್ಟ.

"ಮಂಗಳವಾರ ರಾತ್ರಿ ವೀಕ್ಷಣೆ ಇದೆ. 10:07 ರಿಂದ 1:17 ರವರೆಗೆ ಹೊರಗೆ ಯಾವ ದೀಪವೂ ಬೇಡ. ದಯವಿಟ್ಟು ಸಹಕರಿಸಿ."

ದುಂಡಗಿನ, ಬಲಕ್ಕೆ ವಾಲಿದ ಅಕ್ಷರ. ಬಣ್ಣದತ್ತೆಗೆ ಪ್ರತಿ ವರ್ಷ ಹುಟ್ಟುಹಬ್ಬಕ್ಕೆ ಬರುವ ಕಾಗದದ ಅಕ್ಷರ.

ಅವರು ಚೀಟಿಯಿಂದ ತಲೆಯೆತ್ತಿದರು. ಪಕ್ಕಕ್ಕೆ ತಿರುಗಿ ನೋಡಿದರು. ಮಿಣುಕಿಯ ಮುಖ ಬಿಳಿಚಿಕೊಂಡಿತ್ತು.

"ಇದು ನನ್ನ ಕೈಬರಹವೇ," ಎಂದಳು ಮೆಲ್ಲಗೆ. "ಚೀಟಿ ಅಂಟಿಸಿದ್ದೂ ನಾನೇ. ಆದರೆ ನಾನು ಹಾಗೆ ಬರೆಯಲಿಲ್ಲ ಅತ್ತೆ. ಬರೆಯೋಕೆ ನನಗೇನು ತಲೆ ಕೆಟ್ಟಿದೆಯಾ? ಗ್ರಹ ಬಂದಾಗ ಎಷ್ಟು ಕತ್ತಲು ಬೇಕೋ ಬರೋ ಮುಂಚೆಯೂ ಅಷ್ಟೇ ಬೇಕು."

ಎದುರು ಮೇಜಿನವನು ಬಾಗಿಲಲ್ಲಿ ನಿಂತು ನಿಟ್ಟುಸಿರು ಬಿಟ್ಟ. ತಾನು ಗೆದ್ದೆನೆಂಬ ಖುಷಿ ಅವನಿಗೂ ಇರಲಿಲ್ಲ.

"ನಡೀರಿ," ಎಂದರು ಬಣ್ಣದತ್ತೆ.

"ಎಲ್ಲಿಗೆ?"

"ಉತ್ತರ ದಿಕ್ಕಿನ ಕಿಟಕಿ ಎಲ್ಲಿದೆ ಅಲ್ಲಿಗೆ. ಬಲ್ಬಿನ ಬೆಳಕಲ್ಲಿ ನೋಡಿ ತೀರ್ಪು ಕೊಟ್ಟರೆ ಗಿರಣಿಯಲ್ಲಿ ಸಂಬಳ ಹಿಡೀತಿದ್ದರು."

ಕಾರಿಡಾರಿನ ತುದಿಯಲ್ಲಿ ಅಂಥ ಕಿಟಕಿಯೊಂದಿತ್ತು. ಬಿಸಿಲು ನೇರ ಬೀಳದ, ಹದವಾದ ಬೆಳಕು. ಬಣ್ಣದತ್ತೆ ಕನ್ನಡಕ ತೆಗೆದು ಒಂದಿಂಚೂ ಬಿಡದೆ ಚೀಟಿಯನ್ನು ನೋಡಿದರು. ಮೂವರೂ ಸುತ್ತ ನಿಂತರು. ಕರೆಂಟಣ್ಣನೂ ಹಿಂದೆ ಬಂದಿದ್ದ, ತನ್ನ ಚೀಟಿಯ ಮೇಲೆ ಅವನಿಗೆ ಅಷ್ಟು ಕಾಳಜಿ.

"ಬಿಳಿ ಅನ್ನೋದು ಒಂದು ಬಣ್ಣ ಅಂತ ಯಾರು ಹೇಳಿದ್ದು?" ಎಂದರು ಕೊನೆಗೆ. ಅವರ ಮುಖದಲ್ಲಿ ನಗು ಮರಳಿತ್ತು. "ನಾನೇ ಹತ್ತಾರು ಬಿಳಿ ನೋಡಿದ್ದೀನಿ. ಈ ಚೀಟಿಯಲ್ಲೇ ಎರಡು ಬಿಳಿ ಇದೆ. ಅಕ್ಷರದ ಹಿಂದಿನ ಬಿಳಿ ಸ್ವಲ್ಪ ಕೆನೆ. ಅಂಕಿಗಳ ಹಿಂದಿನದು ನೀಲಿಗೆ ತಿರುಗಿದೆ. ಮಿಣುಕಿ, ಒಂದು ಲೋಟ ಬಿಸಿ ಟೀ ತಾ. ಕುಡಿಯೋಕಲ್ಲ."

ಟೀಯ ಹಬೆಗೆ ಚೀಟಿ ಹಿಡಿದರು. ಎರಡು ನಿಮಿಷಕ್ಕೆ ಹೊತ್ತು ಬರೆದಿದ್ದ ಕಡೆ ಅಂಚು ಎದ್ದಿತು. ಉಗುರು ತೂರಿಸಿದರು. ಬೆರಳಗಲದ ಕಾಗದದ ಪಟ್ಟಿ ಸರಿದು ಬಂತು. ಅದರ ಕೆಳಗೆ ಅದೇ ದುಂಡಗಿನ ಕೈಯಲ್ಲಿ ಬರೆದಿತ್ತು: "ಸಂಜೆ 7 ರಿಂದ ಬೆಳಗ್ಗೆ 5 ರವರೆಗೆ."

ಎದುರು ಮೇಜಿನವನು ಮೊದಲು ಬಾಯಿಬಿಟ್ಟ. "ನನ್ನ ತಪ್ಪು," ಎಂದ. "ಆ ಪತ್ರಕ್ಕೆ ಈಗಲೇ ಹೋಗಿ ಸಹಿ ಹಾಕ್ತೀನಿ, ಕ್ಷಮಾಪಣೆ ಅಂತ ಕೆಳಗೆ ಬರೆದು."

"ರಬ್ಬರೂ ವಾಪಸ್ ಕೊಡು," ಎಂದಳು ಮಿಣುಕಿ. ನಗುತ್ತಿದ್ದಳು, ಕಣ್ಣು ತುಂಬಿಕೊಂಡಿತ್ತು. ಕರೆಂಟಣ್ಣ ಯಾಕೆಂದು ತಿಳಿಯದಿದ್ದರೂ ಅವಳ ಬೆನ್ನು ತಟ್ಟಿದ. ಬಣ್ಣದತ್ತೆಗೆ ಆ ಕ್ಷಣ ಲೋಕವೇ ಹಗುರಾದಂತೆ ಅನಿಸಿತು.

ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಇಬ್ಬರು ಗಂಡಸರೂ ಹೊರಟುಹೋದರು. ಕಿಟಕಿಯ ಬಳಿ ಅತ್ತೆ, ಅಣ್ಣನ ಮಗಳು ಇಬ್ಬರೇ ಉಳಿದರು.

"ಈಗ ಉಳಿದಿದ್ದು ಒಂದೇ ಪ್ರಶ್ನೆ," ಎಂದು ಬಣ್ಣದತ್ತೆ ಆ ಸಣ್ಣ ಪಟ್ಟಿಯನ್ನು ಅವಳ ಅಂಗೈಯಲ್ಲಿಟ್ಟರು. "ಅಂಟಿಸಿದವರು ಯಾರು? ಅಂಕಿ ನೋಡು. ನಿನ್ನ ಏಳಕ್ಕೂ ಈ ಏಳಕ್ಕೂ ಸಂಬಂಧವೇ ಇಲ್ಲ. ಇದರ ನಡುವಿಗೆ ಯಾರೋ ಅಡ್ಡಗೆರೆ ಎಳೆದಿದ್ದಾರೆ. ಹೀಗೆ ಏಳು ಬರೆಯೋರು ಇಲ್ಲಿ ಯಾರಾದರೂ ಇದ್ದಾರಾ?"

ಮಿಣುಕಿ ಪಟ್ಟಿಯನ್ನು ನೋಡಿದಳು. ನಗು ಅವಳ ತುಟಿಯ ಮೇಲೇ ನಿಂತುಹೋಯಿತು.

"ಒಬ್ಬರೇ," ಎಂದಳು. "ಐದು ವರ್ಷ ಬೋರ್ಡಿನ ಮೇಲೆ ಇದೇ ಏಳು ನೋಡಿದ್ದೀನಿ. ಸೋಡಿಯಂ ಸಿಗದಿದ್ದರೆ ನನ್ನ ಐದು ವರ್ಷ ವ್ಯರ್ಥ ಅಂತ ನನಗಿಂತ ಹೆಚ್ಚು ಕಳವಳಪಟ್ಟವರೂ ಅವರೇ. ನಾಳೆ ನನ್ನ ಪಕ್ಕದಲ್ಲಿ ಕೂತು ನನ್ನ ಪರವಾಗಿ ಮಾತಾಡೋರೂ ಅವರೊಬ್ಬರೇ."

ಬಣ್ಣದತ್ತೆ ಅವಳ ಕೈ ಹಿಡಿಯಲು ಹೋದರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳವಾಯಿತು. ಕಟಕಟೆಯ ಮೇಲಿಂದ ನರೆತ ಗಡ್ಡದ ಮುಖವೊಂದು ಬಾಗಿತು.

"ಏನಮ್ಮ, ಹೊತ್ತಾಯ್ತು," ಎಂದರು ನಿರ್ದೇಶಕರು, ಎಂದಿನ ಅದೇ ಅಕ್ಕರೆಯಿಂದ. "ಹೆಸರು ಸಿಕ್ಕಿತಾ?"

ಬಣ್ಣದತ್ತೆ ಉತ್ತರಿಸಲು ಬಾಯಿ ತೆರೆದರು. ಮಿಣುಕಿ ಅವರಿಗಿಂತ ಮುಂಚೆ ಪಟ್ಟಿಯ ಮೇಲೆ ಮುಷ್ಟಿ ಮುಚ್ಚಿದಳು.

"ಬೇರೆ ಯಾರ ಹೆಸರೂ ಇಲ್ಲ ಮೇಷ್ಟ್ರೇ," ಎಂದಳು, ತಲೆಯೆತ್ತಿ ಅವರನ್ನೇ ನೋಡುತ್ತ. "ಚೀಟಿ ಬರೆದವಳು ನಾನೇ."